ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿಗೆ ಗೇಮ್ ಯಾವ ಸ್ಟೋರಿನಿಂದ ಕೊಳ್ಳಬೇಕು?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ 2017ರದ್ದು. ಐ5-7200ಯು ಪ್ರೊಸೆಸರ್, 8 ಜಿಬಿ ರ್‍ಯಾಮ್, 2 ಜಿಬಿಯ ಎನ್ವಿಡಿಯಾ 940ಎಂಎಕ್ಸ್, 256 ಜಿಬಿ ಎಸ್‌ಎಸ್‌ಡಿ, ಜೊತೆಗೆ 1 ಟಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 11 ಇದಕ್ಕೆ ಆಗುವುದಿಲ್ಲ ಎಂದು ಬಂತು, ವಿಂಡೋಸ್ 10ರ ಅಪ್‌ಡೇಟ್ ನಿಂತಿತು. ಹಾಗಾಗಿ ವಿಂಡೋಸ್ ತೆಗೆಸಿ ಎಸ್‌ಎಸ್‌ಡಿಗೆ ಲಿನಕ್ಸ್ ಮಿಂಟ್ ಹಾಕಿಸಿದೆ. ಸ್ಟೀಮ್‌ನಲ್ಲಿ ಮೂವತ್ತರಷ್ಟು ಗೇಮ್ ಉಂಟು, ಎಪಿಕ್‌ನಲ್ಲಿ ವಾರ ವಾರ ಪುಕ್ಕಟೆ ತೆಗೆದುಕೊಂಡದ್ದು ಎಷ್ಟೋ ಉಂಟು, ಗಾಗ್‌ನಲ್ಲಿ ನಾಲ್ಕೈದು. ಹಳೆಯದೆಲ್ಲ ಹಾರ್ಡ್ ಡಿಸ್ಕಿನಲ್ಲಿ ಹಾಗೆಯೇ ಇದೆ, ಸುಮಾರು 300 ಜಿಬಿ. ಸ್ಟೀಮ್‌ಗೆ ಆ ಡಿಸ್ಕ್ ತೋರಿಸಿದರೆ ಗೇಮ್‌ಗಳೇನೋ ಕಾಣುತ್ತವೆ, ಆದರೆ ‘ಪ್ಲೇ’ ಒತ್ತಿದರೆ ಎರಡು ಸೆಕೆಂಡ್ ‘ಸ್ಟಾಪ್’ ಎಂದು ತೋರಿಸಿ ಪುನಃ ‘ಪ್ಲೇ’ಗೇ ಬರುತ್ತದೆ. ಎಂತ ಮಾಡುವುದು? ಇನ್ನು ಮುಂದೆ ಯಾವ ಸ್ಟೋರಿನಲ್ಲಿ ಹಣ ಹಾಕಿದರೆ ಲಿನಕ್ಸಿಗೆ ಒಳ್ಳೆಯದು? ತಮ್ಮನಿಗೆ ವ್ಯಾಲೊರೆಂಟ್ ಎಂಬ ಆನ್‌ಲೈನ್ ಗೇಮ್ ಬೇಕಂತೆ, ಅದು ಆದೀತಾ?
— ಓದುಗರು, ಸಂತೆಕಟ್ಟೆ, ಉಡುಪಿ

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇವೆ. ಹೊಸದಾಗಿ ಹಣ ಹಾಕುವುದಿದ್ದರೆ ಸ್ಟೀಮ್‌ನಲ್ಲಿ ಹಾಕಿ. ವರ್ಷಗಟ್ಟಲೆ ನಿಮ್ಮ ಕೈಯಲ್ಲೇ ಉಳಿಯಬೇಕು ಎನಿಸುವ ಗೇಮ್‌ಗಳನ್ನು ಗಾಗ್‌ನಲ್ಲಿ ಕೊಳ್ಳಿ. ಎಪಿಕ್‌ನಲ್ಲಿ ಈಗಾಗಲೇ ಇರುವುದನ್ನು ಧಾರಾಳವಾಗಿ ಆಡಿ, ಆದರೆ ಲಿನಕ್ಸ್ ನಂಬಿಕೊಂಡು ಅಲ್ಲಿ ದುಡ್ಡು ಕೊಡಬೇಡಿ. ವ್ಯಾಲೊರೆಂಟ್ ಆಗುವುದಿಲ್ಲ. ನಿಮ್ಮ ಹಾರ್ಡ್ ಡಿಸ್ಕಿನ ತೊಂದರೆಗೆ ಕಾರಣ ಸ್ಟೀಮೂ ಅಲ್ಲ, ಗೇಮೂ ಅಲ್ಲ. ಆ ಡಿಸ್ಕ್ ವಿಂಡೋಸ್‌ನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಆಗಿರುವುದೇ ಕಾರಣ.

‘ಈ ಸ್ಟೋರಿನಲ್ಲಿ ಲಿನಕ್ಸ್ ಬೆಂಬಲ ಉಂಟು’ ಎಂಬ ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ಸ್ಟೋರಿನ ಆ್ಯಪ್ ಲಿನಕ್ಸ್‌ನಲ್ಲಿ ಓಡುತ್ತದೆಯೇ ಎಂಬುದು ಒಂದು. ಅಲ್ಲಿ ಮಾರುವ ಗೇಮ್‌ಗೆ ಲಿನಕ್ಸ್ ಆವೃತ್ತಿ ಇದೆಯೇ ಎಂಬುದು ಇನ್ನೊಂದು. ಓಡದೆ ಹೋದರೆ ಯಾರು ಹೊಣೆ ಎಂಬುದು ಮೂರನೆಯದು. ಜನ ಮೊದಲೆರಡನ್ನು ನೋಡಿ ಕೊಳ್ಳುತ್ತಾರೆ, ಮೂರನೆಯದರಲ್ಲಿ ಸಿಕ್ಕಿಬೀಳುತ್ತಾರೆ. ಸ್ಟೀಮ್‌ನಲ್ಲಿ ಈ ಮೂರಕ್ಕೂ ಉತ್ತರ ಉಂಟು. ಗಾಗ್‌ನಲ್ಲಿ ಆ್ಯಪ್ ಇಲ್ಲ, ಕೆಲವು ಗೇಮ್‌ಗಳಿಗೆ ಲಿನಕ್ಸ್ ಆವೃತ್ತಿ ಉಂಟು. ಎಪಿಕ್‌ನಲ್ಲಿ ಆ್ಯಪೂ ಇಲ್ಲ, ಹೊಣೆಯೂ ಇಲ್ಲ. ಆದರೂ ಅಲ್ಲಿನ ಗೇಮ್‌ಗಳು ನಿಮ್ಮ ಮಿಂಟ್‌ನಲ್ಲಿ ಓಡುತ್ತವೆ, ಓಡಿಸುವುದು ಬೇರೆಯವರು ಬರೆದ ತಂತ್ರಾಂಶ.

ಸ್ಟೀಮ್ ಇಷ್ಟು ಮುಂದೆ ಬಂದದ್ದು ಯಾಕೆ ಎಂದು ತಿಳಿದುಕೊಂಡರೆ ಮುಂದೆ ಯಾರನ್ನು ನಂಬಬೇಕು ಎಂಬುದೂ ತಿಳಿಯುತ್ತದೆ. ಲಿನಕ್ಸಿಗೆ ಸ್ಟೀಮ್ ಆ್ಯಪ್ ಬಂದದ್ದು 2013ರ ಫೆಬ್ರವರಿಯಲ್ಲಿ. ಆಗ ಲಿನಕ್ಸಿಗೆಂದೇ ಬರೆದ ಗೇಮ್‌ಗಳಷ್ಟೇ ಓಡುತ್ತಿದ್ದವು, ಪಟ್ಟಿ ಚಿಕ್ಕದಿತ್ತು. 2018ರ ಆಗಸ್ಟ್‌ನಲ್ಲಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಪ್ರೋಟಾನ್ ಬಿಡುಗಡೆ ಮಾಡಿತು. ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್ ಮೇಲೆ ಓಡಿಸುವ ವೈನ್ ಎಂಬ ಹಳೆಯ ಯೋಜನೆಯೇ ಇದರ ಅಡಿಪಾಯ. ಅದರ ಮೇಲೆ ಡೈರೆಕ್ಟ್‌ಎಕ್ಸ್ 9ರಿಂದ 11ರವರೆಗಿನ ಗ್ರಾಫಿಕ್ಸ್ ಕರೆಗಳನ್ನು ಲಿನಕ್ಸ್‌ನಲ್ಲೂ ಓಡುವ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಗೆ ತಿರುಗಿಸುವ ಡಿಎಕ್ಸ್‌ವಿಕೆ, ಡೈರೆಕ್ಟ್‌ಎಕ್ಸ್ 12ಕ್ಕೆ ವಿಕೆಡಿ3ಡಿ-ಪ್ರೋಟಾನ್ ಕೂತಿವೆ. 2022ರ ಫೆಬ್ರವರಿಯಲ್ಲಿ ವಾಲ್ವ್ ಸ್ಟೀಮ್ ಡೆಕ್ ಎಂಬ, ಕೈಯಲ್ಲಿ ಹಿಡಿದು ಆಡುವ ತನ್ನದೇ ಗೇಮ್ ಯಂತ್ರ ಮಾರತೊಡಗಿತು. ಅದರೊಳಗಿರುವುದು ಲಿನಕ್ಸೇ. ತಾನು ಮಾರುವ ಯಂತ್ರದಲ್ಲಿ ಗೇಮ್ ಓಡದಿದ್ದರೆ ನಷ್ಟ ವಾಲ್ವ್‌ಗೇ ಆದ್ದರಿಂದ ಪ್ರೋಟಾನ್ ಕೆಲಸ ನಿಲ್ಲುವುದಿಲ್ಲ. ಬೇರೆ ದೊಡ್ಡ ಸ್ಟೋರುಗಳಿಗೆ ಇಂಥ ಸ್ವಂತ ಕಾರಣ ಇಲ್ಲ.

ಸ್ಟೋರ್ ಪುಟದಲ್ಲಿ ಬೆಲೆಯ ಹತ್ತಿರ ಸಣ್ಣ ಚಿಹ್ನೆಗಳನ್ನು ಗಮನಿಸಿ. ವಿಂಡೋಸ್ ಕಿಟಕಿಯ ಜೊತೆಗೆ ಸ್ಟೀಮ್‌ನ ಗಾಲಿ ಚಿಹ್ನೆಯೂ ಇದ್ದರೆ ಲಿನಕ್ಸ್ ಆವೃತ್ತಿ ಇದೆ ಎಂದರ್ಥ. ಕಿಟಕಿ ಮಾತ್ರ ಇದ್ದರೆ ಪ್ರೋಟಾನ್ ಮೂಲಕ ಓಡಬೇಕು, ಬಹುಪಾಲು ಓಡುತ್ತದೆ. ಇದರಲ್ಲಿ ಒಂದು ತಿರುವು ಉಂಟು. ಲಿನಕ್ಸ್ ಆವೃತ್ತಿ ಇದ್ದರೆ ಅದೇ ಮೇಲು ಎಂದು ತಿಳಿಯಬೇಡಿ. ಹತ್ತು ವರ್ಷದ ಹಿಂದೆ ಹೊರಗುತ್ತಿಗೆ ಕೊಟ್ಟು ಮಾಡಿಸಿ ಆಮೇಲೆ ಮುಟ್ಟದೆ ಬಿಟ್ಟ ಲಿನಕ್ಸ್ ಆವೃತ್ತಿಗಳು ಬೇಕಾದಷ್ಟಿವೆ. ಧ್ವನಿ ಬರುವುದಿಲ್ಲ, ಹೊಸ ಕಂತುಗಳು ಸೇರಿರುವುದಿಲ್ಲ, ವಿಂಡೋಸ್‌ನಲ್ಲಿರುವ ಗೆಳೆಯರ ಜೊತೆ ಆನ್‌ಲೈನ್ ಸೇರಲು ಆಗುವುದಿಲ್ಲ. ಆಗ ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ಅದರೊಳಗೆ ‘ಕಂಪ್ಯಾಟಿಬಿಲಿಟಿ’ಗೆ ಹೋಗಿ, ನಿರ್ದಿಷ್ಟ ಸಾಧನವನ್ನೇ ಬಳಸು ಎಂಬ ಚೌಕಕ್ಕೆ ಗುರುತು ಹಾಕಿ ಪ್ರೋಟಾನ್ ಆರಿಸಿ. ವಿಂಡೋಸ್ ಆವೃತ್ತಿ ಇಳಿದು ಪ್ರೋಟಾನ್‌ನಲ್ಲಿ ಓಡುತ್ತದೆ. ಈ ಚೌಕವನ್ನು ಮನಸ್ಸಿನಲ್ಲಿಡಿ, ನಿಮ್ಮ 300 ಜಿಬಿ ಉಳಿಸುವುದಕ್ಕೂ ಇದೇ ಬೇಕು.

ಹಾರ್ಡ್ ಡಿಸ್ಕಿನ ಗಂಟು

ಪ್ರೋಟಾನ್ ಪ್ರತಿ ಗೇಮ್‌ಗೂ ಒಂದೊಂದು ಪುಟ್ಟ ನಕಲಿ ವಿಂಡೋಸ್ ಕಟ್ಟುತ್ತದೆ. ಗೇಮ್ ಯಾವ ಡಿಸ್ಕಿನಲ್ಲಿದೆಯೋ ಅದೇ ಡಿಸ್ಕಿನಲ್ಲಿ, ‘ಸ್ಟೀಮ್‌ಆ್ಯಪ್ಸ್’ ಒಳಗಿನ ‘ಕಾಂಪ್ಯಾಟ್‌ಡೇಟಾ’ ಫೋಲ್ಡರಿನಲ್ಲಿ, ಆ ಗೇಮ್‌ನ ಸಂಖ್ಯೆಯ ಹೆಸರಿನಲ್ಲಿ ಅದು ಕೂರುತ್ತದೆ. ಅದರೊಳಗೆ ಸಿ ಡ್ರೈವ್, ಝಡ್ ಡ್ರೈವ್ ಎಂದು ತೋರಿಸಲು ಹೆಸರಿನಲ್ಲೇ ಕೋಲನ್ ಚಿಹ್ನೆ ಇರುವ ಲಿಂಕ್‌ಗಳಿರುತ್ತವೆ. ಫೈಲ್ ಹೆಸರಿನಲ್ಲಿ ಕೋಲನ್ ವಿಂಡೋಸ್ ಲೋಕದಲ್ಲಿ ನಿಷಿದ್ಧ. ಎನ್‌ಟಿಎಫ್‌ಎಸ್ ಡಿಸ್ಕಿನ ಮೇಲೆ ಈ ಲಿಂಕ್ ಸರಿಯಾಗಿ ಹುಟ್ಟುವುದಿಲ್ಲ, ಹುಟ್ಟಿದರೂ ಬಾಳುವುದಿಲ್ಲ. ಸಿ ಡ್ರೈವೇ ಇಲ್ಲದ ವಿಂಡೋಸ್‌ನಲ್ಲಿ ಗೇಮ್ ಎಲ್ಲಿ ನಿಂತೀತು? ಎರಡು ಸೆಕೆಂಡಿನಲ್ಲಿ ‘ಸ್ಟಾಪ್’ ಹೋಗಿ ‘ಪ್ಲೇ’ ಬರುವುದು ಇದರದ್ದೇ ಗುರುತು. ಇದರ ಮೇಲೆ ಇನ್ನೊಂದು ಸೇರಿಕೊಂಡಿರಬಹುದು: ವಿಂಡೋಸ್ 10ರಲ್ಲಿ ‘ಫಾಸ್ಟ್ ಸ್ಟಾರ್ಟ್‌ಅಪ್’ ಇಟ್ಟಿದ್ದಾಗ ಕೊನೆಯ ಸಲ ಮುಚ್ಚಿದ್ದರೆ ಡಿಸ್ಕ್ ಅರೆನಿದ್ದೆಯಲ್ಲಿ ಉಳಿದಿರುತ್ತದೆ, ಲಿನಕ್ಸ್ ಅದನ್ನು ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ.

ಕಾಂಪ್ಯಾಟ್‌ಡೇಟಾವನ್ನು ಮಾತ್ರ ಎಸ್‌ಎಸ್‌ಡಿಗೆ ಸರಿಸಿ ಲಿಂಕ್ ಕೊಡುವ ಉಪಾಯ ಅಲ್ಲಲ್ಲಿ ಹೇಳುತ್ತಾರೆ. ವಿಂಡೋಸೂ ಲಿನಕ್ಸೂ ಎರಡೂ ಇಟ್ಟುಕೊಂಡವರಿಗೆ ಅದು ಒಂದು ದಾರಿ. ನಿಮ್ಮಲ್ಲಿ ವಿಂಡೋಸೇ ಇಲ್ಲದ ಮೇಲೆ ತೇಪೆ ಹಾಕುವುದು ಬೇಡ, ಡಿಸ್ಕನ್ನು ಲಿನಕ್ಸ್‌ನ ಇಎಕ್ಸ್‌ಟಿ4ಕ್ಕೆ ಬದಲಾಯಿಸಿ.

ಯಾರಿಂದಾದರೂ 500 ಜಿಬಿ ಅಥವಾ ದೊಡ್ಡ ಎಕ್ಸ್‌ಟರ್ನಲ್ ಡಿಸ್ಕ್ ಎರವಲು ತನ್ನಿ. ಹಳೆಯ ಡಿಸ್ಕಿನ ‘ಸ್ಟೀಮ್‌ಆ್ಯಪ್ಸ್’ ಒಳಗಿನ ‘ಕಾಮನ್’ ಫೋಲ್ಡರನ್ನು ಪೂರ್ತಿ ಅದಕ್ಕೆ ಕಾಪಿ ಮಾಡಿ. ಫೋಟೋ, ದಾಖಲೆ ಇದ್ದರೆ ಅವನ್ನೂ ತೆಗೆದಿಡಿ, ಯಾಕೆಂದರೆ ಮುಂದಿನ ಹೆಜ್ಜೆಯಲ್ಲಿ ಡಿಸ್ಕ್ ಅಳಿಸಿಹೋಗುತ್ತದೆ. ನೀಲಿ ಬಾಯಿಯ ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿದರೆ ಸೆಕೆಂಡಿಗೆ 100 ಎಂಬಿ ಹತ್ತಿರ ಸಿಗುತ್ತದೆ, 300 ಜಿಬಿಗೆ ಒಂದು ಗಂಟೆ. ಯುಎಸ್‌ಬಿ 2ಕ್ಕೆ ಚುಚ್ಚಿದರೆ ಮೂರು ಗಂಟೆಯ ಹತ್ತಿರ ಬೇಕು. ಮಳೆಗಾಲವಾದರೆ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಯೇ ಕೂತುಕೊಳ್ಳಿ. ಎಕ್ಸ್‌ಟರ್ನಲ್ ಡಿಸ್ಕ್ ಲ್ಯಾಪ್‌ಟಾಪಿನಿಂದಲೇ ಕರೆಂಟ್ ತೆಗೆದುಕೊಳ್ಳುವಂಥದ್ದಾದರೆ ಮನೆಯ ಕರೆಂಟ್ ಹೋದರೂ ಕಾಪಿ ನಿಲ್ಲುವುದಿಲ್ಲ.

ಕಾಪಿ ಮುಗಿದ ಮೇಲೆ ಮಿಂಟ್‌ನ ‘ಡಿಸ್ಕ್ಸ್’ ತೆರೆದು 1 ಟಿಬಿ ಡಿಸ್ಕನ್ನು ಆರಿಸಿ. ಗಾತ್ರವನ್ನು ಎರಡು ಸಲ ನೋಡಿಕೊಳ್ಳಿ, 256 ಜಿಬಿಯದ್ದನ್ನು ಮುಟ್ಟಿದರೆ ಮಿಂಟೇ ಹೋಗುತ್ತದೆ. ಇಎಕ್ಸ್‌ಟಿ4 ಎಂದು ಫಾರ್ಮ್ಯಾಟ್ ಮಾಡಿ. ನಂತರ ಹಲ್ಲುಗಾಲಿ ಮೆನುವಿನಲ್ಲಿ ಮೌಂಟ್ ಆಯ್ಕೆಗಳಿಗೆ ಹೋಗಿ, ಕಂಪ್ಯೂಟರ್ ಶುರುವಾಗುವಾಗಲೇ ಮೌಂಟ್ ಆಗಲಿ (ಡಿಸ್ಕ್ ಬಳಕೆಗೆ ತೆರೆಯಲಿ) ಎಂಬುದಕ್ಕೆ ಗುರುತು ಹಾಕಿ. ಇದನ್ನು ಮರೆತರೆ ಮರುದಿನ ಸ್ಟೀಮ್ ತೆರೆದಾಗ ಎಲ್ಲ ಗೇಮ್‌ಗಳೂ ಇನ್‌ಸ್ಟಾಲ್ ಆಗಿಲ್ಲ ಎಂದು ಬೂದು ಬಣ್ಣದಲ್ಲಿ ಕಾಣುತ್ತವೆ, ಗಾಬರಿಯಾಗಿ ಪುನಃ ಡೌನ್‌ಲೋಡ್ ಒತ್ತಿದವರಿದ್ದಾರೆ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನ ಒಡೆತನ ರೂಟ್ ಎಂಬ ಆಡಳಿತ ಬಳಕೆದಾರನ ಹೆಸರಿನಲ್ಲಿರುತ್ತದೆ, ಹಾಗಾಗಿ ಸ್ಟೀಮ್ ಅಲ್ಲಿ ಬರೆಯಲಾರದು. ಅದೇ ಮೆನುವಿನಲ್ಲಿ ‘ಟೇಕ್ ಓನರ್‌ಶಿಪ್’ ಒತ್ತಿ ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ‘ಎಕ್ಸಿಕ್ಯೂಟ್ ಪರ್ಮಿಷನ್’ ಇಲ್ಲ ಎಂದು ಸ್ಟೀಮ್ ದೂರಿದರೆ ಮೌಂಟ್ ಆಯ್ಕೆಗಳ ಸಾಲಿನಲ್ಲಿ ‘ಯೂಸರ್’ ಎಂಬ ಪದ ಸೇರಿಕೊಂಡಿರುತ್ತದೆ. ಆ ಪದದ ಬೆನ್ನಿಗೇ ತಂತ್ರಾಂಶ ಓಡಿಸುವ ಅನುಮತಿ ಕಡಿತವಾಗುತ್ತದೆ. ಅದನ್ನು ತೆಗೆದು ಪುನಃ ಮೌಂಟ್ ಮಾಡಿ.

ಈಗ ಸ್ಟೀಮ್‌ನ ಸೆಟ್ಟಿಂಗ್ಸ್, ಸ್ಟೋರೇಜ್‌ನಲ್ಲಿ ಈ ಡಿಸ್ಕನ್ನು ಸೇರಿಸಿ. ಅದು ಹುಟ್ಟಿಸುವ ‘ಸ್ಟೀಮ್‌ಆ್ಯಪ್ಸ್’, ಅದರೊಳಗಿನ ‘ಕಾಮನ್’ ಫೋಲ್ಡರಿಗೆ ನಿಮ್ಮ ಗೇಮ್ ಫೋಲ್ಡರುಗಳನ್ನು ಹೆಸರು ಒಂದಕ್ಷರವೂ ಬದಲಾಗದಂತೆ ತಿರುಗಿ ಹಾಕಿ. ಆಮೇಲಿನ ಕ್ರಮ ಮುಖ್ಯ. ಇನ್‌ಸ್ಟಾಲ್ ಒತ್ತುವ ಮೊದಲೇ ಪ್ರಾಪರ್ಟೀಸ್‌ಗೆ ಹೋಗಿ ಮೇಲೆ ಹೇಳಿದ ಚೌಕಕ್ಕೆ ಗುರುತು ಹಾಕಿ ಪ್ರೋಟಾನ್ ಆರಿಸಿ, ಅದಾದ ಮೇಲೆ ಇನ್‌ಸ್ಟಾಲ್ ಒತ್ತಿ ಈ ಡಿಸ್ಕನ್ನೇ ತೋರಿಸಿ. ಇರುವ ಫೈಲುಗಳನ್ನು ಸ್ಟೀಮ್ ಒಂದೊಂದಾಗಿ ಹೋಲಿಸಿ, ವ್ಯತ್ಯಾಸ ಇರುವಷ್ಟನ್ನೇ ಇಳಿಸಿಕೊಳ್ಳುತ್ತದೆ. ಗುರುತು ಹಾಕದೆ ಒತ್ತಿದರೆ, ಲಿನಕ್ಸ್ ಆವೃತ್ತಿ ಇರುವ ಗೇಮ್‌ಗಳಲ್ಲಿ ಅದು ವಿಂಡೋಸ್ ಫೈಲುಗಳನ್ನು ಬದಿಗಿಟ್ಟು ಲಿನಕ್ಸ್ ಫೈಲುಗಳನ್ನು ಹೊಸದಾಗಿ ಇಳಿಸತೊಡಗುತ್ತದೆ.

ಎರವಲು ಡಿಸ್ಕ್ ಸಿಗದಿದ್ದರೆ ಇನ್ನೊಂದು ದಾರಿ ಉಂಟು. ಮಣಿಪಾಲದ ಹಾಸ್ಟೆಲಿನಲ್ಲೋ ಸುರತ್ಕಲ್‌ನಲ್ಲೋ ಇರುವ ಗೆಳೆಯರ ಕಂಪ್ಯೂಟರಿನಲ್ಲಿ ಅದೇ ಗೇಮ್ ಇದ್ದರೆ, ಎರಡನ್ನೂ ಒಂದೇ ವೈಫೈಗೆ ಸೇರಿಸಿ. 2023ರಿಂದ ಸ್ಟೀಮ್ ಒಂದೇ ನೆಟ್‌ವರ್ಕಿನಲ್ಲಿರುವ ಇನ್ನೊಂದು ಕಂಪ್ಯೂಟರಿನಿಂದ ಗೇಮ್ ಎಳೆದುಕೊಳ್ಳುತ್ತದೆ. ಗೆಳೆಯರು ತಮ್ಮ ಸ್ಟೀಮ್‌ನ ಡೌನ್‌ಲೋಡ್ಸ್ ಸೆಟ್ಟಿಂಗಿನಲ್ಲಿ ಸ್ಟೀಮ್ ಗೆಳೆಯರಿಗೆ ಕೊಡಲು ಅನುಮತಿ ಇಟ್ಟಿರಬೇಕು, ಅಷ್ಟೇ. ಅವರದ್ದು ವಿಂಡೋಸ್ ಆದರೂ ತೊಂದರೆ ಇಲ್ಲ, ನೀವು ಪ್ರೋಟಾನ್ ಆರಿಸಿದ್ದರೆ ಇಬ್ಬರಿಗೂ ಬೇಕಾದ ಫೈಲುಗಳು ಒಂದೇ.

ಡ್ರೈವರ್, ಕಾರ್ಡ್

ನಿಮ್ಮ 940ಎಂಎಕ್ಸ್ ಮ್ಯಾಕ್ಸ್‌ವೆಲ್ ತಲೆಮಾರಿನದು. ಈ ತಲೆಮಾರಿಗೆ ಎನ್ವಿಡಿಯಾ ಕೊಡುವ ಕೊನೆಯ ಡ್ರೈವರ್ ಸರಣಿ 580. ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದು ಅದನ್ನೇ, ಅದು ಕಾಣದಿದ್ದರೆ 535ರಿಂದ 580ರ ನಡುವಿನದನ್ನು ಆರಿಸಿ. ಒಂದೇ ಸಂಖ್ಯೆಯಲ್ಲಿ ಎರಡು ಬಗೆ ಕಾಣುತ್ತವೆ. ಹೆಸರಿನ ಕೊನೆಯಲ್ಲಿ ‘ಓಪನ್’ ಎಂದಿರುವುದನ್ನು ಮುಟ್ಟಬೇಡಿ, ಅದು ಟ್ಯೂರಿಂಗ್ ಎಂಬ ಹೊಸ ತಲೆಮಾರು ಮತ್ತು ಆಮೇಲಿನ ಕಾರ್ಡುಗಳಿಗೆ ಮಾತ್ರ. ನಿಮ್ಮಲ್ಲಿ ಅದನ್ನು ಹಾಕಿದರೆ ಕಾರ್ಡ್ ಇದ್ದೂ ಇಲ್ಲದಂತೆ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶವನ್ನು ಶುರುವಿನಲ್ಲೇ ತಡೆಯುವ ಕಾವಲು) ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆಗುವಾಗ ನೀಲಿ ಪರದೆ ಹತ್ತು ಸೆಕೆಂಡ್ ಮಾತ್ರ ನಿಲ್ಲುತ್ತದೆ. ಅಷ್ಟರಲ್ಲಿ ಒಂದು ಕೀ ಒತ್ತಿ ‘ಎನ್‌ರೋಲ್ ಎಂಒಕೆ’ ಆರಿಸಿ ಆ ಪಾಸ್‌ವರ್ಡ್ ಕೊಡಬೇಕು. ಅದು ತಪ್ಪಿಹೋದರೆ ಡ್ರೈವರ್ ಇದ್ದರೂ ಲೋಡ್ ಆಗುವುದಿಲ್ಲ.

ಇಂಥ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಇರುತ್ತವೆ, ಒಂದು ಇಂಟೆಲ್ ಎಚ್‌ಡಿ 620, ಇನ್ನೊಂದು ಎನ್ವಿಡಿಯಾ. ಟಾಸ್ಕ್‌ಬಾರಿನ ಎನ್ವಿಡಿಯಾ ಪ್ರೈಮ್ ಚಿಹ್ನೆಯಲ್ಲಿ ಪರ್ಫಾರ್ಮೆನ್ಸ್ ಎಂದಿಟ್ಟು ಲಾಗ್‌ಔಟ್ ಆಗಿ ಬನ್ನಿ, ಗೇಮ್ ಎನ್ವಿಡಿಯಾದಲ್ಲೇ ಓಡುತ್ತದೆ. ಬ್ಯಾಟರಿ ಬೇಗ ಇಳಿಯುತ್ತದೆ, ಆಟ ಮುಗಿದ ಮೇಲೆ ಆನ್-ಡಿಮ್ಯಾಂಡ್‌ಗೆ ತಿರುಗಿಸಿ. ಪ್ರೋಟಾನ್ 8ರಿಂದ ಈಚೆಗೆ ವಲ್ಕನ್ 1.3 ಬೇಕೇ ಬೇಕು. ನಿಮ್ಮ ಎರಡೂ ಚಿಪ್‌ಗಳಿಗೆ ಅದು ಉಂಟು. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವ ಉಳಿದ ಓದುಗರಿಗೆ ಒಂದು ಮಾತು: ಇಂಟೆಲ್‌ನ ನಾಲ್ಕನೇ ತಲೆಮಾರು ಮತ್ತು ಅದಕ್ಕಿಂತ ಹಿಂದಿನದು, ಎನ್ವಿಡಿಯಾದಲ್ಲಿ ಮ್ಯಾಕ್ಸ್‌ವೆಲ್‌ಗಿಂತ ಹಿಂದಿನ ಕೆಪ್ಲರ್ ಕಾರ್ಡುಗಳು ಇದಕ್ಕೆ ಸಾಲುವುದಿಲ್ಲ. ಅಂಗಡಿಯಲ್ಲಿ ವಿಂಡೋಸ್‌ನಲ್ಲಿ ಗೇಮ್ ಓಡಿಸಿ ತೋರಿಸಿದರೂ ಲಿನಕ್ಸ್‌ನಲ್ಲಿ ಅದೇ ಗೇಮ್ ಕೈಕೊಡುತ್ತದೆ. ನಿಮ್ಮ ಕಾರ್ಡಿನಲ್ಲಿ 2 ಜಿಬಿ ಮೆಮೊರಿ ಮಾತ್ರ ಇರುವುದರಿಂದ ಡೈರೆಕ್ಟ್‌ಎಕ್ಸ್ 12 ಮಾತ್ರ ಬೆಂಬಲಿಸುವ ಹೊಸ ಗೇಮ್‌ಗಳ ಆಸೆ ಬಿಡಿ.

ಸ್ಟೀಮ್ ಹಾಕುವಾಗ ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಸಿಸ್ಟಮ್ ಪ್ಯಾಕೇಜನ್ನೇ ಆರಿಸಿ, ಫ್ಲ್ಯಾಟ್‌ಪ್ಯಾಕ್ ಅಲ್ಲ. ಫ್ಲ್ಯಾಟ್‌ಪ್ಯಾಕ್ ಕೆಟ್ಟದ್ದೇನಲ್ಲ, ಆದರೆ ಅದು ಬೇಲಿಯೊಳಗೆ ಓಡುತ್ತದೆ. ನಿಮ್ಮ ಎರಡನೇ ಡಿಸ್ಕ್ ಅದರ ಕಣ್ಣಿಗೆ ಬೀಳಬೇಕಾದರೆ ಬೇರೆಯೇ ಅನುಮತಿ ಕೊಡಬೇಕು.

ಕೊಂಡ ಮೊದಲ ಎರಡು ಗಂಟೆ

ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲಿದೆ. ಕೊಂಡು 14 ದಿನದೊಳಗೆ, ಆಡಿದ ಸಮಯ 2 ಗಂಟೆ ದಾಟಿರದಿದ್ದರೆ ಹಣ ವಾಪಸ್. ‘ನನ್ನ ಲಿನಕ್ಸ್‌ನಲ್ಲಿ ಓಡಲಿಲ್ಲ’ ಎಂಬ ಕಾರಣಕ್ಕೂ ಇದು ಸಲ್ಲುತ್ತದೆ. ಹೊಣೆ ಎಂದು ಮೇಲೆ ಹೇಳಿದ್ದು ಇದನ್ನೇ. ಆದ್ದರಿಂದ ಕೊಂಡ ದಿನವೇ ಪರೀಕ್ಷೆ ಮಾಡಿ: ಶುರುವಿನ ವಿಡಿಯೋ ಬರುತ್ತದೆಯೇ, ಸೇವ್ ಮಾಡಿ ಹೊರಬಂದು ಪುನಃ ಹೋದರೆ ಸೇವ್ ಉಳಿದಿದೆಯೇ, ಕಂಟ್ರೋಲರ್ ಹಿಡಿಯುತ್ತದೆಯೇ, ಅರ್ಧ ಗಂಟೆಯ ಮೇಲೆ ತಡೆತಡೆದು ಓಡುತ್ತದೆಯೇ. ಲಾಂಚರ್ ತೆರೆದು ಸುಮ್ಮನೆ ಬಿಟ್ಟ ಹೊತ್ತೂ ಆಟದ ಲೆಕ್ಕಕ್ಕೆ ಬೀಳುತ್ತದೆ, ಆಟ ನಿಂತ ಕೂಡಲೇ ಮುಚ್ಚಿಬಿಡಿ.

ಕೊಳ್ಳುವ ಮೊದಲು ಪ್ರೋಟಾನ್‌ಡಿಬಿ ತಾಣದಲ್ಲಿ ಆ ಗೇಮ್‌ನ ಹೆಸರು ಹುಡುಕಿ. ಪ್ಲಾಟಿನಮ್, ಗೋಲ್ಡ್, ಸಿಲ್ವರ್ ಎಂಬ ದರ್ಜೆಯನ್ನೇ ನಂಬಿ ನಿಲ್ಲಬೇಡಿ. ಕೆಳಗೆ ಇಳಿದು ಇತ್ತೀಚಿನ ಮೂರು ತಿಂಗಳ ವರದಿಗಳಲ್ಲಿ ಎನ್ವಿಡಿಯಾ ಇರುವವರು ಏನು ಬರೆದಿದ್ದಾರೆ ನೋಡಿ. ಸ್ಟೀಮ್ ಡೆಕ್‌ನ ಹಸಿರು ಗುರುತು ಎಎಂಡಿ ಚಿಪ್ಪಿನ ಒಂದೇ ಯಂತ್ರದ ಪರೀಕ್ಷೆಯ ಫಲ, ನಿಮ್ಮ ಲ್ಯಾಪ್‌ಟಾಪಿಗೆ ಕೊಟ್ಟ ಮಾತಲ್ಲ.

ಓಡದಿದ್ದರೆ ಮೊದಲು ಪ್ರೋಟಾನ್ ಆವೃತ್ತಿ ಬದಲಿಸಿ: ಸಂಖ್ಯೆ ಇರುವ ಸ್ಥಿರ ಆವೃತ್ತಿ, ಆಮೇಲೆ ‘ಎಕ್ಸ್‌ಪೆರಿಮೆಂಟಲ್’, ಕೊನೆಗೆ ಜಿಇ-ಪ್ರೋಟಾನ್. ಕೊನೆಯದು ವಾಲ್ವ್‌ನದಲ್ಲ. ಪ್ರೋಟಾನ್‌ಅಪ್-ಕ್ಯೂಟಿ ಎಂಬ ಸಣ್ಣ ತಂತ್ರಾಂಶ ಅದನ್ನು ಇಳಿಸಿಕೊಡುತ್ತದೆ. ಆಗಲೂ ಆಗದಿದ್ದರೆ ಪ್ರಾಪರ್ಟೀಸ್‌ನ ‘ಲಾಂಚ್ ಆಪ್ಷನ್ಸ್’ ಪೆಟ್ಟಿಗೆಯಲ್ಲಿ ಹೀಗೆ ಬರೆಯಬೇಕು: ಇಂಗ್ಲಿಷ್ ದೊಡ್ಡಕ್ಷರದಲ್ಲಿ ಪ್ರೋಟಾನ್, ಅಂಡರ್‌ಸ್ಕೋರ್, ಲಾಗ್, ಸಮ ಚಿಹ್ನೆ, 1, ಇಷ್ಟನ್ನೂ ಜಾಗ ಬಿಡದೆ. ಒಂದು ಜಾಗ ಬಿಟ್ಟು, ಎರಡು ಶೇಕಡಾ ಚಿಹ್ನೆಗಳ ನಡುವೆ ಸಣ್ಣಕ್ಷರದಲ್ಲಿ ಕಮಾಂಡ್. ಈಗ ಗೇಮ್ ಒತ್ತಿದರೆ ನಿಮ್ಮ ಹೋಮ್ ಫೋಲ್ಡರಿನಲ್ಲಿ ಸ್ಟೀಮ್ ಎಂಬ ಹೆಸರು ಮತ್ತು ಗೇಮ್ ಸಂಖ್ಯೆ ಇರುವ ಲಾಗ್ ಫೈಲ್ ಹುಟ್ಟುತ್ತದೆ. ಯಾರಲ್ಲಿ ಸಹಾಯ ಕೇಳುವಾಗಲೂ ಆ ಫೈಲಿನ ಕೊನೆಯ ಐವತ್ತು ಸಾಲು ಕೊಟ್ಟರೆ ಕೆಲಸ ಅರ್ಧ ಮುಗಿಯಿತು. ಲಾಗ್ ತೆಗೆದ ಮೇಲೆ ಆ ಸಾಲು ಅಳಿಸಿ, ಇಲ್ಲದಿದ್ದರೆ ಫೈಲ್ ಜಿಬಿಗಟ್ಟಲೆ ಬೆಳೆಯಬಹುದು.

‘ಕಾಂಪ್ಯಾಟ್‌ಡೇಟಾ’ದಲ್ಲಿ ಆ ಗೇಮ್‌ನ ಫೋಲ್ಡರ್ ಅಳಿಸಿ ಹೊಸದಾಗಿ ಶುರುಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಹಲವು ಸಲ ಅದು ಫಲವನ್ನೂ ಕೊಡುತ್ತದೆ. ಆದರೆ ಸ್ಟೀಮ್ ಕ್ಲೌಡ್ ಇಲ್ಲದ ಗೇಮ್‌ಗಳ ಸೇವ್ ಇರುವುದು ಅದರೊಳಗೇ: ‘ಪಿಎಫ್‌ಎಕ್ಸ್’, ‘ಡ್ರೈವ್_ಸಿ’, ‘ಯೂಸರ್ಸ್’, ‘ಸ್ಟೀಮ್‌ಯೂಸರ್’, ಅಲ್ಲಿಂದ ಡಾಕ್ಯುಮೆಂಟ್ಸ್ ಅಥವಾ ಆ್ಯಪ್‌ಡೇಟಾ. ಮೊದಲು ‘ಸ್ಟೀಮ್‌ಯೂಸರ್’ ಫೋಲ್ಡರನ್ನು ಬೇರೆಡೆ ಕಾಪಿ ಮಾಡಿ, ಆಮೇಲೆ ಅಳಿಸಿ. ಐವತ್ತು ಗಂಟೆಯ ಆಟ ಒಂದು ಡಿಲೀಟಿಗೆ ಹೋಗಬಾರದು.

ಇನ್ನೊಂದು ತೊಂದರೆಯನ್ನು ಜನ ತಾವೇ ತಂದುಕೊಳ್ಳುತ್ತಾರೆ. ಸ್ಟೀಮ್ ಲಿನಕ್ಸ್‌ನಲ್ಲಿ ‘ಶೇಡರ್ ಪ್ರೀ-ಕ್ಯಾಶಿಂಗ್’ (ಗ್ರಾಫಿಕ್ಸಿನ ಸಣ್ಣ ಪ್ರೋಗ್ರಾಂಗಳನ್ನು ಮೊದಲೇ ಸಿದ್ಧಮಾಡಿಡುವುದು) ಎಂದು ಆಗಾಗ ಸಣ್ಣ ದೊಡ್ಡ ಡೌನ್‌ಲೋಡ್ ಮಾಡುತ್ತಿರುತ್ತದೆ. ನಿಮ್ಮ ಎರಡು ಕೋರಿನ ಪ್ರೊಸೆಸರಿನಲ್ಲಿ ‘ಪ್ರೊಸೆಸಿಂಗ್ ವಲ್ಕನ್ ಶೇಡರ್ಸ್’ ಎಂದು ಹತ್ತು ಹದಿನೈದು ನಿಮಿಷ ಕಾಯಿಸುವುದೂ ಉಂಟು. ಡೇಟಾ ಉಳಿಸಲೆಂದು ಇದನ್ನು ಪೂರ್ತಿ ಆಫ್ ಮಾಡುತ್ತಾರೆ. ಮರುದಿನ ಗೇಮ್‌ನ ಕತೆಯ ವಿಡಿಯೋ ಬರಬೇಕಾದ ಕಡೆ ಹಳೆಯ ಟಿವಿಯಂತೆ ಬಣ್ಣದ ಪಟ್ಟಿಗಳು ಬರುತ್ತವೆ. ಕಾರಣ, ಪ್ರೋಟಾನ್ ಓದಲಾರದ ವಿಡಿಯೋಗಳನ್ನು ವಾಲ್ವ್ ಬೇರೆ ರೂಪಕ್ಕೆ ಬದಲಿಸಿ ಇದೇ ಡೌನ್‌ಲೋಡಿನ ಜೊತೆ ಕಳಿಸುತ್ತದೆ. ಕಾಯುವುದು ಬೇಸರವಾದರೆ ‘ಸ್ಕಿಪ್’ ಒತ್ತಿ, ಪೂರ್ತಿ ಆಫ್ ಮಾಡಬೇಡಿ. ಆಫ್ ಮಾಡಲೇಬೇಕಾದರೆ ಆ ಗೇಮ್‌ಗೆ ಜಿಇ-ಪ್ರೋಟಾನ್ ಹಾಕಿ ನೋಡಿ, ಅದರಲ್ಲಿ ವಿಡಿಯೋ ಕೊಡೆಕ್‌ಗಳು ಹೆಚ್ಚಿವೆ.

ಗಾಗ್

ಗಾಗ್ 2014ರ ಜುಲೈಯಿಂದ ಲಿನಕ್ಸ್ ಆವೃತ್ತಿಗಳನ್ನೂ ಮಾರುತ್ತಿದೆ, ಆದರೆ ಅವರ ಗ್ಯಾಲಕ್ಸಿ ಆ್ಯಪ್ ಲಿನಕ್ಸಿಗೆ ಕೊಟ್ಟಿಲ್ಲ. ಅಲ್ಲಿನ ದೊಡ್ಡ ಗುಣ, ಗೇಮ್‌ಗೆ ಬೀಗವಿಲ್ಲ. ಇನ್‌ಸ್ಟಾಲರ್ ಇಳಿಸಿ ಪೆನ್‌ಡ್ರೈವಿನಲ್ಲಿಟ್ಟರೆ ನಾಳೆ ಆ ಕಂಪನಿ ಇರಲಿ ಇಲ್ಲದಿರಲಿ, ಇಂಟರ್‌ನೆಟ್ ಇರಲಿ ಇಲ್ಲದಿರಲಿ, ಅದು ನಿಮ್ಮದು. ಹಣ ವಾಪಸಿಗೆ 30 ದಿನ ಕೊಡುತ್ತಾರೆ, ಆಡಿದ್ದರೂ ಸರಿ. ಆ ಸೌಲಭ್ಯವನ್ನು ದುರುಪಯೋಗ ಮಾಡದೆ ಉಳಿಸಿಕೊಳ್ಳುವುದು ಎಲ್ಲ ಲಿನಕ್ಸ್ ಬಳಕೆದಾರರಿಗೂ ಒಳ್ಳೆಯದು.

ಲಿನಕ್ಸ್ ಇನ್‌ಸ್ಟಾಲರ್ ಒಂದೇ ಒಂದು ಶೆಲ್ ಫೈಲ್. ರೈಟ್ ಕ್ಲಿಕ್, ಪ್ರಾಪರ್ಟೀಸ್, ಪರ್ಮಿಷನ್ಸ್‌ನಲ್ಲಿ ತಂತ್ರಾಂಶವಾಗಿ ಓಡಲು ಅನುಮತಿ ಕೊಟ್ಟು ಎರಡು ಸಲ ಒತ್ತಿದರೆ ಸಾಕು, ಹೋಮ್ ಫೋಲ್ಡರಿನಲ್ಲಿ ‘ಗಾಗ್ ಗೇಮ್ಸ್’ ಎಂದು ಕೂರುತ್ತದೆ. ಇನ್‌ಸ್ಟಾಲರ್ ಹಠ ಹಿಡಿದರೆ ಗಾಬರಿ ಬೇಡ. ಆ ಫೈಲಿನ ಬಾಲಕ್ಕೆ ಸೇರಿಸಿರುವುದು ಸಾಮಾನ್ಯ ಜಿಪ್. ಅನ್‌ಜಿಪ್ ಮಾಡಿದರೆ ಒಂದು ಎಚ್ಚರಿಕೆ ಕೊಟ್ಟು ಬಿಚ್ಚಿಕೊಳ್ಳುತ್ತದೆ, ‘ಡೇಟಾ’, ‘ನೋಆರ್ಚ್’, ‘ಗೇಮ್’ ಎಂಬ ಫೋಲ್ಡರುಗಳೊಳಗೆ ಆಟ ಇರುತ್ತದೆ. ಹಳೆಯ ಗೇಮ್ ಒತ್ತಿದಾಗ ಏನೂ ಆಗದಿದ್ದರೆ ಬಹಳ ಸಲ 32-ಬಿಟ್ ಲೈಬ್ರರಿಗಳು ಇಲ್ಲದಿರುವುದೇ ಕಾರಣ. ಸ್ಟೀಮ್ ಮೊದಲೇ ಹಾಕಿದ್ದರೆ ಅದರ ಜೊತೆ ಬೇಕಾದವು ಹೆಚ್ಚುಪಾಲು ಬಂದಿರುತ್ತವೆ.

ಗಾಗ್‌ನಲ್ಲಿರುವ ವಿಂಡೋಸ್ ಗೇಮ್‌ಗಳ ದೊಡ್ಡ ಇನ್‌ಸ್ಟಾಲರುಗಳು ನಾಲ್ಕು ನಾಲ್ಕು ಜಿಬಿಯ ತುಂಡುಗಳಾಗಿ ಬರುತ್ತವೆ. ಗುಡುಗಿನ ಸಂಜೆ ಕರೆಂಟ್ ಹೋಗಿ ರೌಟರ್ ನಿಂತರೆ ಬ್ರೌಸರಿನ ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ, ಕೆಲವೊಮ್ಮೆ ಪೂರ್ತಿಯಾದಂತೆ ತೋರಿಸಿ ತುಂಡು ಕೆಟ್ಟಿರುತ್ತದೆ, ಇನ್‌ಸ್ಟಾಲ್ ಮಾಡುವಾಗ 80 ಪ್ರತಿಶತದಲ್ಲಿ ಸೋಲುತ್ತದೆ. ಅದಕ್ಕಾಗಿ ದಿನನಿತ್ಯದ ಬಳಕೆಗೆ, ಗಾಗ್ ಮತ್ತು ಎಪಿಕ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸಲು ಬೇರೆಯವರು ಬರೆದ ಹೀರೋಯಿಕ್ ಗೇಮ್ಸ್ ಲಾಂಚರ್ ಹಾಕಿಕೊಳ್ಳಿ, ಬ್ಯಾಕಪ್‌ಗೆ ಮಾತ್ರ ಇನ್‌ಸ್ಟಾಲರ್ ಇಳಿಸಿಡಿ.

ಎಪಿಕ್ ಮತ್ತು ಹೀರೋಯಿಕ್

ಎಪಿಕ್ ಸ್ಟೋರ್ 2018ರ ಡಿಸೆಂಬರಿನಲ್ಲಿ ಶುರುವಾಯಿತು, ಲಿನಕ್ಸಿಗೆ ಆ್ಯಪ್ ಕೊಟ್ಟಿಲ್ಲ. ಅವರು ಕೊಂಡುಕೊಂಡ ಸೈಯೋನಿಕ್ಸ್ ಕಂಪನಿಯ ರಾಕೆಟ್ ಲೀಗ್‌ಗೆ ಇದ್ದ ಲಿನಕ್ಸ್ ಆವೃತ್ತಿಯ ಬೆಂಬಲವೂ 2020ರ ಮಾರ್ಚ್‌ನಲ್ಲಿ ನಿಂತಿತು. ದುಡ್ಡು ಹಾಕಬೇಡಿ ಎಂದು ಹೇಳುವುದು ಇದಕ್ಕೇ. ಇವತ್ತು ಓಡುವುದು ನಾಳೆ ನಿಂತರೆ ದೂರು ಕೊಡಲು ಬಾಗಿಲಿಲ್ಲ.

ಹೀರೋಯಿಕ್ ಅನ್ನು ಸಾಫ್ಟ್‌ವೇರ್ ಮ್ಯಾನೇಜರಿನಿಂದಲೇ ಫ್ಲ್ಯಾಟ್‌ಪ್ಯಾಕ್ ಆಗಿ ಹಾಕಬಹುದು. ಎಪಿಕ್, ಗಾಗ್, ಅಮೆಜಾನ್ ಮೂರೂ ಖಾತೆಗಳು ಇದರೊಳಗೆ ತೆರೆಯುತ್ತವೆ. ಮೊದಲ ಕೆಲಸ, ಅದರ ವೈನ್ ಮ್ಯಾನೇಜರಿನಲ್ಲಿ ಜಿಇ-ಪ್ರೋಟಾನ್ ಇಳಿಸಿ. ಎರಡನೆಯದು, ಫ್ಲ್ಯಾಟ್‌ಸೀಲ್ ಎಂಬ ತಂತ್ರಾಂಶದಲ್ಲಿ ಹೀರೋಯಿಕ್‌ಗೆ ನಿಮ್ಮ ಗೇಮ್ ಡಿಸ್ಕಿನ ಅನುಮತಿ ಕೊಡಿ, ಇಲ್ಲದಿದ್ದರೆ ಅದಕ್ಕೆ ಎಸ್‌ಎಸ್‌ಡಿ ಮಾತ್ರ ಕಾಣುತ್ತದೆ, ಹೋಮ್ ಫೋಲ್ಡರಿನ ‘ಗೇಮ್ಸ್’ನಲ್ಲಿ ತುಂಬಿಸಿ ಎರಡೇ ಗೇಮ್‌ಗೆ ಜಾಗ ಮುಗಿಸುತ್ತದೆ. ಮೂರನೆಯದು, ಕ್ಲೌಡ್ ಸೇವ್ ತಾನಾಗಿ ಆನ್ ಆಗಿದೆ ಎಂದುಕೊಳ್ಳಬೇಡಿ. ಪ್ರತಿ ಗೇಮ್‌ನ ಸೆಟ್ಟಿಂಗಿನಲ್ಲಿ ಸೇವ್ ಫೋಲ್ಡರ್ ಸರಿಯಾಗಿ ಹಿಡಿದಿದೆಯೇ ನೋಡಿ, ಮೊದಲ ಸಲ ‘ಡೌನ್‌ಲೋಡ್’ ಮಾತ್ರ ಮಾಡಿ. ದಿಕ್ಕು ತಪ್ಪಿದರೆ ಖಾಲಿ ಸೇವ್ ಮೇಲಕ್ಕೆ ಹೋಗಿ ನಿಮ್ಮ ವಿಂಡೋಸ್ ಕಾಲದ ಸೇವ್ ಅಳಿಸಿಹೋಗುತ್ತದೆ.

ಎಪಿಕ್‌ನಲ್ಲಿ ಪಡೆದ ಯೂಬಿಸಾಫ್ಟ್ ಗೇಮ್‌ಗಳು ಒಳಗೆ ಯೂಬಿಸಾಫ್ಟ್ ಕನೆಕ್ಟ್ ಎಂಬ ಎರಡನೇ ಲಾಂಚರ್ ಕೇಳುತ್ತವೆ. ಸ್ಟೀಮ್‌ನಲ್ಲಿ ಕೊಂಡ ಇಎ ಗೇಮ್‌ಗಳಿಗೂ ಇಎ ಆ್ಯಪ್‌ನ ಇದೇ ಕತೆ. ಲಾಂಚರಿನೊಳಗೆ ಲಾಂಚರ್ ಇದ್ದ ಕಡೆ ಒಂದು ಅಪ್‌ಡೇಟಿಗೆ ಎಲ್ಲ ನಿಲ್ಲಬಹುದು, ಅಂಥ ಗೇಮ್‌ಗೆ ಪೂರ್ತಿ ಬೆಲೆ ಕೊಡಬೇಡಿ. ಮೈಕ್ರೋಸಾಫ್ಟ್ ಸ್ಟೋರಿನ ಮತ್ತು ಗೇಮ್ ಪಾಸಿನ ಗೇಮ್‌ಗಳು ಬೇರೆಯೇ ಪೊಟ್ಟಣದಲ್ಲಿ ಬರುವುದರಿಂದ ಪ್ರೋಟಾನ್‌ನಲ್ಲಿ ತೆರೆಯುವುದಿಲ್ಲ. ಇಚ್.ಐಒ ತಾಣಕ್ಕೆ ಲಿನಕ್ಸ್ ಆ್ಯಪ್ ಉಂಟು, ಚಿಕ್ಕ ತಂಡಗಳ ಗೇಮ್ ಆಡುವವರಿಗೆ ಬಹಳ ಒಳ್ಳೆಯ ಜಾಗ. ಹಂಬಲ್‌ನಲ್ಲಿ ಈಗ ಸಿಗುವುದು ಹೆಚ್ಚಾಗಿ ಸ್ಟೀಮ್ ಕೀ, ಅದನ್ನು ಸ್ಟೀಮ್ ಖರೀದಿ ಎಂದೇ ಲೆಕ್ಕ ಹಿಡಿಯಿರಿ.

ತಮ್ಮನ ವಿಷಯ

ಯಾವ ಸ್ಟೋರ್ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆನ್‌ಲೈನ್ ಗೇಮ್‌ಗಳಲ್ಲಿ ಮೋಸ ತಡೆಯುವ ಆ್ಯಂಟಿ-ಚೀಟ್ ಎಂಬ ಕಾವಲು ಇರುತ್ತದೆ. ವ್ಯಾಲೊರೆಂಟ್‌ನ ವ್ಯಾನ್‌ಗಾರ್ಡ್ ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೇ ಕೂರುತ್ತದೆ. ಪ್ರೋಟಾನ್‌ನಲ್ಲಿ ವಿಂಡೋಸ್ ಕರ್ನಲ್ ಎಂಬುದೇ ಇಲ್ಲ, ಅದಕ್ಕೆ ಕೂರಲು ಜಾಗವಿಲ್ಲ. 2024ರ ಮೇ ತಿಂಗಳಲ್ಲಿ ಇದೇ ವ್ಯಾನ್‌ಗಾರ್ಡ್ ಸೇರಿಕೊಂಡಾಗ ಅಲ್ಲಿಯವರೆಗೆ ಲಿನಕ್ಸ್‌ನಲ್ಲಿ ಓಡುತ್ತಿದ್ದ ಲೀಗ್ ಆಫ್ ಲೆಜೆಂಡ್ಸ್ ಕೂಡ ನಿಂತುಹೋಯಿತು. ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ 2021ರಿಂದ ಪ್ರೋಟಾನ್‌ನಲ್ಲಿ ಓಡಬಲ್ಲವು, ಆದರೆ ಗೇಮ್ ಮಾಡುವವರು ಒಪ್ಪಿ ಆನ್ ಮಾಡಬೇಕು. ಒಪ್ಪಿದವರೂ ಹಿಂದೆ ಸರಿಯಬಹುದು, ಏಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್ 31ಕ್ಕೆ ಲಿನಕ್ಸಿನ ಬಾಗಿಲು ಹಾಕಿತು. ಜಿಟಿಎ 5 ನಿಮ್ಮ ಎಪಿಕ್ ಖಾತೆಯಲ್ಲಿದ್ದರೆ ಒಬ್ಬರೇ ಆಡುವ ಕತೆ ಓಡುತ್ತದೆ, 2024ರ ಸೆಪ್ಟೆಂಬರಿನಲ್ಲಿ ಬ್ಯಾಟಲ್‌ಐ ಬಂದ ಮೇಲೆ ಆನ್‌ಲೈನ್ ಓಡುವುದಿಲ್ಲ. ಆನ್‌ಲೈನ್ ಗೇಮ್ ಇಳಿಸುವ ಮೊದಲು ‘ಆರ್ ವಿ ಆ್ಯಂಟಿ-ಚೀಟ್ ಯೆಟ್’ ತಾಣದ ಪಟ್ಟಿ ನೋಡಿ.

ಕಾವಲನ್ನು ತಪ್ಪಿಸುವ ಉಪಾಯ ಯೂಟ್ಯೂಬಿನಲ್ಲಿ ಯಾರಾದರೂ ಹೇಳಿದರೆ ತಮ್ಮನಿಗೆ ಖಂಡಿತ ಬೇಡ ಎನ್ನಿ, ಖಾತೆಯೇ ಶಾಶ್ವತವಾಗಿ ಬ್ಯಾನ್ ಆಗಬಹುದು. ಅವನಿಗೆ ಕೌಂಟರ್-ಸ್ಟ್ರೈಕ್ 2 ಹಾಕಿಕೊಡಿ. ಪುಕ್ಕಟೆ, ವಾಲ್ವ್‌ನದೇ ಲಿನಕ್ಸ್ ಆವೃತ್ತಿ ಉಂಟು, ಅದರ ಆ್ಯಂಟಿ-ಚೀಟ್ ಕೂಡ ಲಿನಕ್ಸ್‌ನಲ್ಲಿ ಕೆಲಸ ಮಾಡುತ್ತದೆ. 85 ಜಿಬಿ ಜಾಗ ಕೇಳುತ್ತದೆ, ಅದನ್ನೊಂದನ್ನು ಎಸ್‌ಎಸ್‌ಡಿಯಲ್ಲೇ ಇಡಿ, ಹಾರ್ಡ್ ಡಿಸ್ಕಿನಲ್ಲಿಟ್ಟರೆ ಮ್ಯಾಪ್ ತೆರೆಯುವಷ್ಟರಲ್ಲಿ ಪಂದ್ಯ ಶುರುವಾಗಿರುತ್ತದೆ. ರೆಸಲ್ಯೂಷನ್ 1280×720, ಎಲ್ಲ ಗುಣಮಟ್ಟವೂ ‘ಲೋ’, ಬ್ರೌಸರ್ ಮುಚ್ಚಿರಲಿ. ಮೊದಲ ದಿನ ಒಂದೆರಡು ಪಂದ್ಯವನ್ನು ಬಾಟ್‌ಗಳ ಜೊತೆ ಆಡಲಿ. ಶೇಡರ್ ಸಿದ್ಧವಾಗುವವರೆಗಿನ ತಡೆತ ಅಲ್ಲೇ ಮುಗಿಯುತ್ತದೆ.